ಬ್ಲೂಸ್ ಹಾರ್ಮೋನಿಕಾ

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರು ಬೆಳೆಸಿದ ಬ್ಲೂಸ್ ಸಂಗೀತದಲ್ಲಿ ಹತ್ತು ರಂಧ್ರಗಳ ಡಯಾಟೋನಿಕ್ ಹಾರ್ಮೋನಿಕಾ ನುಡಿಸುವ ಶೈಲಿ. ವಾದಕರು ವಾದ್ಯವನ್ನು ಹಾರ್ಪ್ ಎನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ಮೌತ್ ಆರ್ಗನ್ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಸಿಗುವ ಟ್ರೆಮೊಲೊ ಜಾತಿಯ ವಾದ್ಯ ಇದಕ್ಕೆ ಒದಗುವುದಿಲ್ಲ. ಅದರಲ್ಲಿ ಕಂಪಿಸಿ ಸ್ವರ ಕೊಡುವ ಒಂದೊಂದು ರೀಡಿಗೂ ಪ್ರತ್ಯೇಕ ಗೂಡು ಇರುವುದರಿಂದ ಬ್ಲೂಸ್‌ನ ಜೀವವಾದ, ಸ್ವರ ಬಾಗಿಸುವ ಬೆಂಡಿಂಗ್ ಸರಿಯಾಗಿ ಹೊಮ್ಮದು.

ಜರ್ಮನಿಯ ಟ್ರಾಸಿಂಗೆನ್ ಊರಿನಲ್ಲಿ ಮಥಿಯಾಸ್ ಹೋನರ್ 1857ರಲ್ಲಿ ಆರಂಭಿಸಿದ ಕಾರ್ಖಾನೆ 1896ರಲ್ಲಿ ಮರೀನ್ ಬ್ಯಾಂಡ್ ಎಂಬ ಮಾದರಿಯನ್ನು ಹೊರತಂದಿತು. ಅದರ ಶ್ರುತಿವಿನ್ಯಾಸ ಯುರೋಪಿನ ಜನಪದ ಧಾಟಿಗಳಿಗೆ ಹೊಂದುವಂಥದ್ದು: ಊದಿದರೆ ವಾದ್ಯದ ಮೂಲ ಸ್ವರಮೇಳ ಬರುತ್ತದೆ. ಕಪ್ಪು ವಾದಕರು ಈ ವಿನ್ಯಾಸವನ್ನು ತಿರುವುಮುರುವಾಗಿ ಬಳಸಿದರು. ಸಿ ಶ್ರುತಿಯ ವಾದ್ಯದಲ್ಲಿ ಜಿಯನ್ನು ಆಧಾರ ಷಡ್ಜ ಮಾಡಿಕೊಂಡು, ಉಸಿರನ್ನು ಒಳಗೆಳೆದಾಗ ಬರುವ ಸ್ವರಗಳ ಮೇಲೆ ಸಂಗೀತ ಕಟ್ಟಿದರು. ಇದೇ ಕ್ರಾಸ್ ಹಾರ್ಪ್, ಅಥವಾ ಸೆಕೆಂಡ್ ಪೊಸಿಷನ್. ತಯಾರಕರು ಎಣಿಸಿರದ ಈ ಬಳಕೆಯೇ ಇಡೀ ಶೈಲಿಯ ಅಡಿಪಾಯ.

ಕಲಿಯುವವರ ಮೊದಲ ಕೆಲಸ, ಪಕ್ಕದ ರಂಧ್ರಗಳು ಸೇರಿಕೊಳ್ಳದಂತೆ ಒಂದೇ ಸ್ವರ ನುಡಿಸುವುದು. ತುಟಿಗಳನ್ನು ಮುಂದೆ ಚಾಚಿ ಕಿರಿದಾಗಿಸುವುದು ಒಂದು ದಾರಿ. ಬಾಯಿ ಅಗಲವಾಗಿಟ್ಟು ಬೇಡದ ರಂಧ್ರಗಳನ್ನು ನಾಲಿಗೆಯಿಂದ ಮುಚ್ಚುವುದು ಇನ್ನೊಂದು. ಎರಡನೆಯದು ಕಷ್ಟ, ಆದರೆ ನಾಲಿಗೆ ಎತ್ತಿ ಇಳಿಸಿ ಸ್ವರದ ಜೊತೆಗೇ ಸ್ವರಮೇಳದ ಹೊಡೆತ ಕೊಡುವ ಶಿಕಾಗೋ ನಾದ ಬೇಕಿದ್ದರೆ ಅದನ್ನು ಬಿಟ್ಟು ದಾರಿಯಿಲ್ಲ. ಉಸಿರು ಹೊಟ್ಟೆಯಿಂದ ಬರಬೇಕು, ಕೆನ್ನೆಯಿಂದಲ್ಲ.

ಬೆಂಡಿಂಗ್ ಎಂದರೆ ಉಸಿರು ಎಳೆಯುತ್ತಲೇ ನಾಲಿಗೆಯನ್ನು ಹಿಂದಕ್ಕೆ ಸರಿಸಿ, ಬಾಯಿಯೊಳಗಿನ ಆಕಾರ ಬದಲಿಸಿ ಸ್ವರವನ್ನು ಕೆಳಕ್ಕೆ ಇಳಿಸುವುದು. ಜೋರಾಗಿ ಎಳೆದರೆ ಸಾಕೆಂದು ಹೊಸಬರು ಭಾವಿಸುತ್ತಾರೆ. ಅದರಿಂದ ರೀಡು ಕೆಡುತ್ತದೆಯೇ ಹೊರತು ಸ್ವರ ಬಾಗುವುದಿಲ್ಲ. ಒಂದು ರಂಧ್ರದಲ್ಲಿ ಊದುವ ರೀಡು, ಎಳೆಯುವ ರೀಡು ಎರಡೂ ಇರುತ್ತವೆ. ಅವೆರಡೂ ಕೂಡಿ ಕಂಪಿಸಿದಾಗ ಮೇಲಿನ ಸ್ವರ ಕೆಳಗಿನದರ ಸಮೀಪಕ್ಕೆ ಇಳಿಯುತ್ತದೆ. ಆದ್ದರಿಂದ ಎರಡರ ನಡುವಿನ ಅಂತರವೇ ಬೆಂಡಿನ ಮಿತಿ. ಸಿ ವಾದ್ಯದ 3ನೇ ರಂಧ್ರದಲ್ಲಿ ಊದಿದರೆ ಜಿ, ಎಳೆದರೆ ಬಿ. ಅಲ್ಲಿ ಮೂರು ಅರ್ಧಸ್ವರಗಳಷ್ಟು ಇಳಿಯಬಹುದು. 2ರಲ್ಲಿ ಎರಡು, 1, 4, 6ರಲ್ಲಿ ಒಂದೊಂದು. 5ರಲ್ಲಿ ಇ, ಎಫ್ ಒತ್ತಿಕೊಂಡಿರುವುದರಿಂದ ಪೂರ್ಣ ಬೆಂಡ್ ಇಲ್ಲ. 8, 9, 10ರಲ್ಲಿ ಬೆಂಡ್ ಬರುವುದು ಊದುವಾಗ.

ಬ್ಲೂಸ್ ಸ್ವರಶ್ರೇಣಿ ಕೂರುವುದು ಈ ಬಾಗಿದ ಸ್ವರಗಳ ಮೇಲೆ. ಜಿಯನ್ನು ಷಡ್ಜವೆಂದರೆ ಕ್ರಮ ಹೀಗೆ: 2 ಎಳೆ, 3 ಎಳೆದು ಅರ್ಧಸ್ವರ ಬಾಗಿಸು, 4 ಊದು, 4 ಎಳೆದು ಬಾಗಿಸು, 4 ಎಳೆ, 5 ಎಳೆ, 6 ಊದು. ಕರ್ನಾಟಕ ಸಂಗೀತ ಬಲ್ಲವರಿಗೆ ಇವು ಸ್ಥೂಲವಾಗಿ ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮ, ಪಂಚಮ, ಕೈಶಿಕಿ ನಿಷಾದ, ತಾರಷಡ್ಜ. ಆದರೆ ಬ್ಲೂಸ್ ಗಾಂಧಾರ ಒಂದೇ ಸ್ಥಾನದಲ್ಲಿ ನಿಲ್ಲದೆ ಎರಡು ಗಾಂಧಾರಗಳ ನಡುವೆ ಜಾರುತ್ತದೆ. ಕಿವಿ ಮೊದಲು ಕಲಿಯಬೇಕಾದದ್ದು ಈ ಜಾರನ್ನೇ.

ಲಿಕ್ ಎಂದರೆ ಈ ಸ್ವರಗಳಿಂದ ಕಟ್ಟಿದ ಪುಟ್ಟ ಸಂಗೀತವಾಕ್ಯ. ಹನ್ನೆರಡು ಬಾರ್‌ಗಳ ಬ್ಲೂಸ್ ಆವರ್ತದಲ್ಲಿ ಗಾಯಕ ಒಂದು ಸಾಲು ಹಾಡಿ ಬಿಟ್ಟ ಜಾಗದಲ್ಲಿ ಲಿಕ್ ಉತ್ತರ ಹೇಳುತ್ತದೆ. ಕೊನೆಯ ಎರಡು ಬಾರ್‌ಗಳ ಟರ್ನ್‌ಅರೌಂಡ್ ಮತ್ತೆ ಮೊದಲಿಗೆ ಒಯ್ಯುತ್ತದೆ. 4, 5ನೇ ರಂಧ್ರಗಳ ನಡುವೆ ಎಳೆಯುತ್ತ ವೇಗವಾಗಿ ಓಲಾಡುವ ಶೇಕ್, ಅಂಗೈ ಮುಚ್ಚಿ ತೆರೆಯುವ ವಾ-ವಾ, ಗಂಟಲಿನ ಕಂಪನ ಇದರ ಅಲಂಕಾರಗಳು. ನೂರು ಲಿಕ್ ಬಾಯಿಪಾಠ ಮಾಡುವುದಕ್ಕಿಂತ ನಾಲ್ಕನ್ನು ಸರಿಯಾದ ಜಾಗದಲ್ಲಿ ಇಡುವುದು ಮೇಲು.

ಜಾನ್ ಲೀ ‘ಸನ್ನಿ ಬಾಯ್’ ವಿಲಿಯಮ್ಸನ್ (1914–1948) ಹಾರ್ಪನ್ನು ಬ್ಲೂಸ್ ತಂಡದ ಮುಂಚೂಣಿಗೆ ತಂದ. ಸನ್ನಿ ಟೆರ್ರಿಯ ವಾದನದಲ್ಲಿ ಬಾಯಿಯ ಕೂಗು, ವಾದ್ಯದ ಸ್ವರ ಬೇರೆಯೆನ್ನಿಸುವುದಿಲ್ಲ. ಲೂಯಿಸಿಯಾನದಿಂದ ಬಂದ ಲಿಟ್ಲ್ ವಾಲ್ಟರ್, ಮೈಕನ್ನು ಹಾರ್ಪಿನ ಜೊತೆ ಅಂಗೈಯಲ್ಲಿ ಅವುಚಿ, ಆಂಪ್ಲಿಫೈಯರ್‌ನ ಒಡಕು ನಾದವನ್ನೇ ಹೊಸ ಬಣ್ಣವಾಗಿಸಿದ. ಅವನು 1952ರಲ್ಲಿ ಶಿಕಾಗೋದಲ್ಲಿ ಧ್ವನಿಮುದ್ರಿಸಿದ ‘ಜೂಕ್’ ಬಿಲ್‌ಬೋರ್ಡ್‌ನ ಆರ್ ಅಂಡ್ ಬಿ ಪಟ್ಟಿಯಲ್ಲಿ 8 ವಾರ ಮೊದಲ ಸ್ಥಾನದಲ್ಲಿತ್ತು. ಹಾಡುಗಾರಿಕೆಯಿಲ್ಲದ ಆ ಧ್ವನಿಮುದ್ರಿಕೆ ಇಂದಿಗೂ ಈ ಶೈಲಿಯ ಅತ್ಯುತ್ತಮ ಪಾಠ.