ಕಾಮಾದಿಂದ ಜಾಯಿನ್‌ವರೆಗೆ 22 ವರ್ಷ

ಪುಣೆಗೆ ಬಂದ ಹೊಸದರಲ್ಲಿ ನನ್ನ ಕೈಗೆ ಸಂಬಳದ ಪಟ್ಟಿ ತೆಗೆಯೋ ಒಂದು ಹಳೇ ಕ್ವೆರಿ ಬಂತು. ಫ್ರಮ್ ಆದಮೇಲೆ ಏಳು ಟೇಬಲ್, ನಡುವೆ ಬರೀ ಕಾಮಾ. ಯಾವುದು ಯಾವುದಕ್ಕೆ ಸೇರುತ್ತೆ ಅಂತ ತಿಳಿಯೋಕೆ ಕೆಳಗಿನ ವೇರ್‌ನಲ್ಲಿ ಹುಡುಕಬೇಕು. ಯಾರಪ್ಪಾ ಹೀಗೆ ಬರೆದಿದ್ದು ಅಂತ ಬೈಕೊಂಡೆ. ಬೈದದ್ದು ತಪ್ಪು ಅಂತ ಆಮೇಲೆ ಗೊತ್ತಾಯ್ತು.

1970ರ ಜೂನ್‌ನಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಎಡ್ಗರ್ ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿವರೆಗೆ ಐಎಂಎಸ್‌ನಂಥ ವ್ಯವಸ್ಥೆಗಳಲ್ಲಿ ಮಾಹಿತಿ ಮರದ ಆಕಾರದಲ್ಲಿತ್ತು. ಕೊಂಬೆಯಿಂದ ಕೊಂಬೆಗೆ ಹೋಗೋ ದಾರೀನ ಪ್ರೋಗ್ರಾಮರೇ ಬರೀಬೇಕಿತ್ತು. ಕಾಡ್ ಎಲ್ಲವನ್ನೂ ಟೇಬಲ್‌ಗಳಲ್ಲಿಟ್ಟರು. ಎರಡೂ ಕಡೆ ಇರುವ ಒಂದೇ ಮೌಲ್ಯವೇ ಸಂಬಂಧವನ್ನು ಹೇಳುತ್ತೆ. ಜಾಯಿನ್ ಅನ್ನೋ ಕಲ್ಪನೆ ಆ ಪ್ರಬಂಧದಲ್ಲೇ ಇದೆ.

1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಸೀಕ್ವೆಲ್ ಭಾಷೆ ತಂದರು. ಟ್ರೇಡ್‌ಮಾರ್ಕ್ ತಕರಾರಿನಿಂದ ಅದು ಎಸ್‌ಕ್ಯೂಎಲ್ ಆಯ್ತು. ಆದರೆ 1986ರ ಮೊದಲ ಆನ್ಸಿ ಮಾನದಂಡದಲ್ಲೂ ಜಾಯಿನ್ ಅನ್ನೋ ಪದ ಇರಲಿಲ್ಲ. ಕಾಮಾ ಹಾಕು, ಷರತ್ತನ್ನ ವೇರ್‌ನಲ್ಲಿ ಬರಿ, ಅಷ್ಟೇ. ಷರತ್ತು ಮರೆತರೆ 1,000 ನೌಕರರು, 50 ವಿಭಾಗ ಸೇರಿ 50,000 ಸಾಲು! ಜೋಡಿ ಸಿಗದ ಸಾಲನ್ನ ಉಳಿಸ್ಕೊಳ್ಳೋಕೆ ಒರಾಕಲ್‌ಗೆ ಒಂದು ಚಿಹ್ನೆ, ಸೈಬೇಸ್‌ಗೆ ಇನ್ನೊಂದು.

1992ರ ಮಾನದಂಡದಲ್ಲಿ ಜಾಯಿನ್, ಆನ್, ಲೆಫ್ಟ್ ಔಟರ್ ಜಾಯಿನ್ ಎಲ್ಲ ಬಂದವು. ಒರಾಕಲ್ ಇವನ್ನ ಅಳವಡಿಸಿಕೊಂಡದ್ದು 2001ರ 9ಐ ಆವೃತ್ತಿಯಲ್ಲಿ. ನನ್ನ ಕ್ವೆರಿ ಅದಕ್ಕೂ ಹಳೇದು. ಬರೆದವರಿಗೆ ಬೇರೆ ದಾರಿಯೇ ಇರಲಿಲ್ಲ.

ಹೊಸ ರೀತಿಯಲ್ಲಿ ಬರೆಯೋಕೆ ಹೋಗಿ ಎಡವಿದ್ದು ನಾನೇ. ಎಲ್ಲ ನೌಕರರೂ ಬರಲಿ ಅಂತ ಲೆಫ್ಟ್ ಜಾಯಿನ್ ಹಾಕಿದೆ, ಆದರೆ ವಿಭಾಗದ ಟೇಬಲ್ ಮೇಲಿನ ಷರತ್ತನ್ನ ವೇರ್‌ನಲ್ಲೇ ಬಿಟ್ಟೆ. ಇನ್ನೂ ವಿಭಾಗ ಸಿಗದ ಹೊಸಬರಿಗೆ ಆ ಕಾಲಂ ನಲ್; ವೇರ್ ಅವರನ್ನೆಲ್ಲ ತೆಗೆದುಹಾಕಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಸಂಬಳದ ಹಿಂದಿನ ದಿನ ಸಾಲು ಎಣಿಸಿದ್ದಕ್ಕೆ ಬಚಾವ್. ಷರತ್ತನ್ನ ಆನ್‌ಗೆ ಸಾಗಿಸಿದೆ, ಅವರೆಲ್ಲ ಪಟ್ಟಿಗೆ ವಾಪಸ್ ಬಂದರು.

ಹೇಗೆ ಜೋಡಿಸಬೇಕು ಅನ್ನೋದು ಆನ್‌ನಲ್ಲಿ. ಜೋಡಿಸಿದ ಮೇಲೆ ಯಾರು ಉಳೀಬೇಕು ಅನ್ನೋದು ವೇರ್‌ನಲ್ಲಿ. ಈ ಎರಡನ್ನ ಬೇರೆ ಮಾಡೋಕೆ ಕಾಡ್ ಪ್ರಬಂಧದಿಂದ 22 ವರ್ಷ ಹಿಡೀತು. ನಾವು ಮತ್ತೆ ಕಲಸೋದು ಬೇಡ. ರಿಪೋರ್ಟ್ ಕಳಿಸೋ ಮುಂಚೆ ಒಮ್ಮೆ ಕೌಂಟ್ ನೋಡ್ಕೊಳ್ಳಿ. ಬಿಟ್ಟುಹೋದ ಸಾಲಲ್ಲಿ ಯಾರದೋ ಮನೆ ಬಾಡಿಗೆ ಇರುತ್ತೆ.