ಕಷಾಯರಸ: ಕಪ್ಪು ಚಹಾದ ಒಗರು ಮತ್ತು ಒಂದು ಪದದ ಚರಿತ್ರೆ

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ‘ಚಾ’ ಎಂದರೆ ಹಾಲು, ಸಕ್ಕರೆ, ಪುಡಿಗಳನ್ನು ಕೂಡಿಸಿ ಕುದಿಸಿ ಸೋಸಿದ ಪಾನೀಯ. ಹಾಲು ಬೆರೆಸದ ಕಪ್ಪು ಚಹಾವನ್ನು ರುಚಿಗಾಗಿಯೇ ಕುಡಿಯುವವರು ಈ ಭಾಗದಲ್ಲಿ ವಿರಳ. ಅದು ಒಗರು ಎಂಬುದೇ ಅದರ ಮೇಲಿನ ದೂರು. ಈ ಒಗರು ದೋಷವೋ ಗುಣವೋ ಎಂಬ ಪ್ರಶ್ನೆ ಅಡುಗೆಮನೆಗೆ ಮಾತ್ರ ಸೇರಿದ್ದಲ್ಲ. ಪ್ರಾಚೀನ ಗ್ರಂಥಗಳ ಓದಿಗೂ ಅದು ಸಂಬಂಧಿಸಿದೆ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡನ್ನು ಶಾಸನಗಳು ‘ಎಡೆದೊರೆ ಎರಡು ಸಾವಿರ’ ಎಂದು ಕರೆಯುತ್ತವೆ. ಆ ಕಾಲಕ್ಕೆ ಚಹಾ ಇಲ್ಲಿ ಅಪರಿಚಿತ. ರಾಬರ್ಟ್ ಬ್ರೂಸ್ ಅಸ್ಸಾಮಿನಲ್ಲಿ ಚಹಾ ಗಿಡವನ್ನು ಗುರುತಿಸಿದ್ದು 1823ರಲ್ಲಿ. ಅಸ್ಸಾಂ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. 1871ರಲ್ಲಿ ಮುಂಬಯಿ ಮತ್ತು ಮದ್ರಾಸುಗಳ ಕಡೆಯ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಹೊರಗಿನ ಸರಕುಗಳಿಗೆ ನಿಜಾಮರ ಸೀಮೆಯ ಈ ಮೂಲೆ ಹೀಗೆ ತೆರೆದುಕೊಂಡಿತು. ಆದರೂ ಬಹುಕಾಲ ಭಾರತದ ಚಹಾ ಮುಖ್ಯವಾಗಿ ರಫ್ತಿನ ಬೆಳೆಯಾಗಿಯೇ ಉಳಿಯಿತು. 1903ರ ಚಹಾ ಸೆಸ್ ಕಾಯಿದೆಯಿಂದ ಬಂದ ಹಣ ಚಹಾದ ಪ್ರಚಾರಕ್ಕೆ ಒದಗಿತು. ಮುಂದಿನ ದಶಕಗಳಲ್ಲಿ ರೈಲು ನಿಲ್ದಾಣಗಳು ಪ್ರಚಾರದ ಕೇಂದ್ರಗಳಾದವು. ಕುದಿನೀರಿನಲ್ಲಿ ಎಲೆಯನ್ನು ನೆನೆಸಿ ಬಸಿಯುವ ಕ್ರಮವನ್ನು ಪ್ರಚಾರಕರು ಕಲಿಸಿದರು. ಜನರು ಹಾಲು, ಸಕ್ಕರೆ, ಶುಂಠಿಗಳೊಡನೆ ಅದನ್ನು ಕುದಿಸಿಯೇ ಕುಡಿದರು. 1930ರ ದಶಕದಲ್ಲಿ ಬಂದ ಸಿಟಿಸಿ ಯಂತ್ರ ಎಲೆಯನ್ನು ಹರಿದು ಸಣ್ಣ ಹರಳುಗಳನ್ನಾಗಿಸಿತು. ಬೇಗ ಬಣ್ಣ ಬಿಡುವ, ಸ್ವಲ್ಪದರಲ್ಲೇ ಹೆಚ್ಚು ಲೋಟಗಳಾಗುವ ಈ ಪುಡಿಗೂ ಕುದಿಸಿದ ಹಾಲಿಗೂ ಚೆನ್ನಾಗಿ ಹೊಂದಿತು. ಇಡೀ ಎಲೆಯ ಚಹಾ ಸಾಮಾನ್ಯ ಬಳಕೆಯಿಂದ ದೂರವೇ ಉಳಿಯಿತು.

ಎಲೆಯ ಕಪ್ಪು ಚಹಾ ನಾಲ್ಕು ಹಂತಗಳಲ್ಲಿ ಸಿದ್ಧವಾಗುತ್ತದೆ: ಚಿಗುರನ್ನು ಬಾಡಿಸುವುದು, ಹೊಸಕುವುದು, ಗಾಳಿಯಲ್ಲಿ ಕಪ್ಪಾಗಲು ಬಿಡುವುದು, ಬಿಸಿಯಲ್ಲಿ ಒಣಗಿಸುವುದು. ಅದರ ಪರೀಕ್ಷೆಗೂ ಕ್ರಮವಿದೆ. 1980ರ ಅಂತರರಾಷ್ಟ್ರೀಯ ಮಾನಕ ಐಎಸ್ಒ 3103ರಂತೆ 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಚಹಾ ಹಾಕಿ 6 ನಿಮಿಷ ನೆನೆಸಬೇಕು. ಪರೀಕ್ಷಕರು ಒಣ ಎಲೆ, ನೆನೆದ ಎಲೆ, ಬಸಿದ ರಸ ಮೂರನ್ನೂ ನೋಡುತ್ತಾರೆ. ರಸವನ್ನು ಸದ್ದು ಮಾಡಿ ಹೀರುತ್ತಾರೆ. ಗಾಳಿಯೊಡನೆ ಬೆರೆತ ಪರಿಮಳ ಬಾಯಿಯ ಹಿಂಬದಿಯಿಂದ ಮೂಗಿಗೇರಲೆಂದು. ನೀರೂ ಮುಖ್ಯ: ಗಡುಸು ನೀರಿನಲ್ಲಿ ರಸ ಮಂಕಾಗಿ ಮೇಲೆ ತೆಳುಪರೆ ಕಟ್ಟುತ್ತದೆ. ಉತ್ತಮ ಚಹಾದಲ್ಲಿ ಅವರು ಹುಡುಕುವ ಗುಣಗಳಲ್ಲಿ ಒಂದು ನಾಲಗೆಯನ್ನು ಚುರುಕಾಗಿ ಬಿಗಿಯುವ ಸ್ವಭಾವ. ಅದೇ ಒಗರು.

ಸಂಸ್ಕೃತದಲ್ಲಿ ಈ ರುಚಿಗೆ ‘ಕಷಾಯ’ ಎಂದು ಹೆಸರು. ಆಯುರ್ವೇದ ಆರು ರಸಗಳನ್ನು ಹೇಳಿದರೆ, ಜೈನ ದರ್ಶನ ಪುದ್ಗಲದ ಗುಣಗಳಾಗಿ ಐದನ್ನು ಎಣಿಸುತ್ತದೆ: ತಿಕ್ತ, ಕಟು, ಕಷಾಯ, ಆಮ್ಲ, ಮಧುರ. ಕ್ರೋಧ, ಮಾನ, ಮಾಯಾ, ಲೋಭಗಳಿಗೂ ಕಷಾಯವೆಂಬ ಹೆಸರೇ ಇದೆ. ಇದರ ಕಾರಣವನ್ನು ಪೂಜ್ಯಪಾದರು ತತ್ತ್ವಾರ್ಥಸೂತ್ರದ ಟೀಕೆಯಾದ ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸುತ್ತಾರೆ: ಆಲ ಮೊದಲಾದವುಗಳ ಒಗರುರಸ ಅಂಟಿಕೆಗೆ ಕಾರಣವಾಗುವಂತೆ, ಕ್ರೋಧಾದಿಗಳು ಆತ್ಮಕ್ಕೆ ಕರ್ಮ ಅಂಟುವುದಕ್ಕೆ ಕಾರಣವಾಗುತ್ತವೆ. ಇಂದಿನ ರಸಾಯನಶಾಸ್ತ್ರ ಒಗರಿನ ವಿಷಯದಲ್ಲಿ ಹೇಳುವುದೂ ಅಂಟಿಕೆಯನ್ನೇ. ಚಹಾದ ಪಾಲಿಫಿನಾಲುಗಳು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡಾಗ ಬಾಯಿಯ ನುಣುಪು ಕಳೆದು ಬಿಗಿತ ಹುಟ್ಟುತ್ತದೆ. ಹಾಲು ಬೆರೆಸಿದರೆ ಅವು ಹಾಲಿನ ಪ್ರೋಟೀನಿಗೇ ಅಂಟಿಕೊಳ್ಳುತ್ತವೆ, ನಾಲಗೆ ಪಾರಾಗುತ್ತದೆ.

ಆದ್ದರಿಂದ ಕಷಾಯವನ್ನು ‘ಕಹಿ’ ಎಂದು ಅನುವಾದಿಸಿದರೆ ಉಪಮೆಯೇ ಕುಸಿಯುತ್ತದೆ. ಕಹಿ ಅಹಿತವಾಗಬಹುದು, ಆದರೆ ಅಂಟುವುದಿಲ್ಲ. ಅದಕ್ಕೆ ತಿಕ್ತವೆಂಬ ಬೇರೆ ಹೆಸರಿದೆ. ಕುದಿಸಿ ಇಳಿಸಿದ ಮದ್ದಿಗೆ ಮಾತ್ರ ಈ ಪದವನ್ನು ಸೀಮಿತಗೊಳಿಸಿದರೂ ಆಚಾರ್ಯರ ಆಶಯ ಕೈತಪ್ಪುತ್ತದೆ.

ಕನ್ನಡ ಸಾಹಿತ್ಯ ರುಚಿಯನ್ನು ಶಾಸ್ತ್ರವಸ್ತುವಾಗಿ ಎಂದೋ ಅಂಗೀಕರಿಸಿದೆ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವಿದೆ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೇ ಒಂದು ಅಧ್ಯಾಯವಿದೆ. ಅಂಥ ಕೃತಿಗಳನ್ನು ಅಭ್ಯಸಿಸುವವರಿಗೆ ಪದಕೋಶದಷ್ಟೇ ನಾಲಗೆಯೂ ಅಗತ್ಯ. ಎಲೆಯ ಚಹಾವನ್ನು ಹಾಲು ಸಕ್ಕರೆಗಳಿಲ್ಲದೆ, ಆತುರವಿಲ್ಲದೆ ಒಮ್ಮೆ ಹೀರಿದರೆ, ಗುಟುಕು ಇಳಿದ ಮೇಲೂ ಬಾಯಲ್ಲಿ ಉಳಿಯುವ ಬಿಗಿತ ಪೂಜ್ಯಪಾದರು ಆ ಪದವನ್ನು ವಿವರಿಸಿದ ಬಗೆಯನ್ನು ಅನುಭವಕ್ಕೆ ತರುತ್ತದೆ.