ವೇತಾಳ ಗುಡ್ಡದಿಂದ ಆತಕೂರಿನವರೆಗೆ

ಪುಣೆಗೆ ಬಂದು ನೆಲೆಸಿದ ನಮ್ಮ ಕನ್ನಡ ಬಾಂಧವರಲ್ಲಿ ಎಷ್ಟೋ ಜನ ಪರ್ವತಿಯನ್ನು ಹತ್ತಿರುತ್ತಾರೆ, ಸಾರಸಬಾಗಿನ ಗಣಪತಿಗೆ ಕೈಮುಗಿದಿರುತ್ತಾರೆ. ಆದರೆ ಊರಿನ ನಡುವೆಯೇ ಕಾಡಿನಂತೆ ಹಬ್ಬಿರುವ ವೇತಾಳ ಟೇಕಡಿಯನ್ನು ಹತ್ತಿದವರು ಕಡಿಮೆ. ನಾನೂ ಹತ್ತುತ್ತಿರಲಿಲ್ಲ. ಹತ್ತಿಸಿದ್ದು ಒಂದು ನಾಯಿ.

ಹನ್ನೊಂದು ವರ್ಷಗಳ ಹಿಂದೆ ಒಂದು ಮಳೆಗಾಲದ ಸಂಜೆ ಕಪ್ಪು ಮರಿಯೊಂದು ನಮ್ಮ ಮೆಟ್ಟಿಲ ಕೆಳಗೆ ಬಂದು ಕುಳಿತಿತು. ಆಗ ಮೂರು ವರ್ಷದವಳಾಗಿದ್ದ ನನ್ನ ಮಗಳು ಅದನ್ನು ಬಿಡಲಿಲ್ಲ. ಕರಿಯ ಎಂದು ಹೆಸರಾಯಿತು. ಮುಂಜಾನೆ ಐದೂವರೆಗೆ ಕರಿಯನನ್ನು ಕಟ್ಟಿಕೊಂಡು ಗುಡ್ಡ ಹತ್ತುವುದು, ಎಂಟಕ್ಕೆ ಇಳಿಯುವುದು, ಸ್ನಾನ ಮಾಡಿ ಕಚೇರಿಗೆ ಓಡುವುದು ನನ್ನ ದಿನಚರಿಯಾಯಿತು. "ಫೈಲಿಗಿಂತ ನಾಯಿ ಹೆಚ್ಚಾತು ನಿಮಗ" ಎಂದು ಮನೆಯವರು ನಗುತ್ತಿದ್ದರು.

ಈ ಗುಡ್ಡ ಸಾಮಾನ್ಯವಾದುದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿ ದಖ್ಖನದ ಕರಿಗಲ್ಲಾಯಿತೆಂದು ಕಾಲೇಜಿನಲ್ಲಿ ಓದಿದ್ದೆ. ಆ ಪದರಗಳನ್ನು ಇಲ್ಲಿಯ ಹಳೆಯ ಕಲ್ಲುಗಣಿಯಲ್ಲಿ ಕಣ್ಣಾರೆ ಕಾಣಬಹುದು. ಗಣಿಯ ತಗ್ಗಿನಲ್ಲಿ ಈಗ ನೀರು ನಿಂತಿದೆ, ಅಲ್ಲಿಗೆ ಹಕ್ಕಿಗಳು ಬರುತ್ತವೆ. ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿ, ವೇತಾಳನ ಗುಡಿ. ನವಿಲುಗಳೂ ಉಂಟು. ಅವುಗಳಿಗಾಗಿಯೇ ನಾನು ಕರಿಯನ ಹಗ್ಗವನ್ನು ಒಂದು ದಿನವೂ ಬಿಚ್ಚಲಿಲ್ಲ.

ಇದೇ ಗುಡ್ಡಸಾಲಿನಲ್ಲಿ, ಫರ್ಗ್ಯುಸನ್ ಕಾಲೇಜಿನ ಹಿಂಬದಿಯಲ್ಲಿ, 1905ರ ಜೂನ್ 12ರಂದು ಗೋಪಾಲಕೃಷ್ಣ ಗೋಖಲೆಯವರು ತಮ್ಮ ಸಂಗಡಿಗರೊಡನೆ ಪ್ರತಿಜ್ಞೆ ಕೈಗೊಂಡು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದೇ ಕಾಲೇಜಿನಲ್ಲಿ ಗಣಿತ ಕಲಿಸಿದ, ಮುಂದೆ ಇತಿಹಾಸಕಾರರೆಂದು ಹೆಸರಾದ ದಾಮೋದರ ಧರ್ಮಾನಂದ ಕೋಸಂಬಿಯವರು (1907–1966) ಪುಣೆಯ ಗುಡ್ಡಗಳನ್ನು ಕಾಲ್ನಡೆಯಲ್ಲಿ ಸುತ್ತಿ ಆದಿಮಾನವನ ಸೂಕ್ಷ್ಮ ಶಿಲಾಯುಧಗಳನ್ನು ಆಯ್ದರು. ಇತಿಹಾಸವನ್ನು ಪುಸ್ತಕದಲ್ಲಷ್ಟೇ ಅಲ್ಲ, ಕಾಲ ಕೆಳಗೂ ಹುಡುಕಬೇಕೆಂದು ಅವರು ತೋರಿಸಿಕೊಟ್ಟರು. ನಾನು ಹುಡುಕಲು ಹೋದವನಲ್ಲ. ಆದರೂ ನಾಯಿಯ ಹಿಂದೆ ನಡೆಯುತ್ತ ನನಗೂ ಒಂದು ಇತಿಹಾಸ ಸಿಕ್ಕಿತು.

ಮಗಳ ಶಾಲೆಯವರು ಮಕ್ಕಳನ್ನು ರಾಯಗಡಕ್ಕೆ ಕರೆದೊಯ್ದಿದ್ದರು. ಶಿವಾಜಿ ಮಹಾರಾಜರ ಸಮಾಧಿಯ ಹತ್ತಿರ ವಾಘ್ಯಾ ಎಂಬ ನಾಯಿಯ ಪ್ರತಿಮೆಯನ್ನು ನೋಡಿ ಬಂದ ಆಕೆ, "ಅಪ್ಪಾ, ಆ ನಾಯಿ ಮಹಾರಾಜರ ಚಿತೆಯೊಳಗ ಹಾರಿತಂತ. ನಮ್ಮ ಕನ್ನಡದಾಗ ಇಂಥಾ ನಾಯಿ ಯಾವುದೂ ಇಲ್ಲೇನು?" ಎಂದು ಕೇಳಿದಳು. ಆ ಪ್ರತಿಮೆ ನಿಂತದ್ದು 1936ರಲ್ಲಿ. ಕಥೆಗೆ ಸಮಕಾಲೀನ ದಾಖಲೆ ಇಲ್ಲವೆಂಬ ಕಾರಣಕ್ಕೆ ಅದರ ಬಗ್ಗೆ ವಾದವಿವಾದಗಳು ನಡೆದಿವೆ. ಆ ವಾದ ನಮಗೆ ಬೇಡ. ಜನ ಒಂದು ನಾಯಿಯ ನಿಷ್ಠೆಯನ್ನು ನಂಬಲು ಬಯಸಿದರೆಂಬುದೂ ಒಂದು ಸತ್ಯವೇ. ಆದರೆ ಮಗಳ ಪ್ರಶ್ನೆಗೆ ನಮ್ಮಲ್ಲಿ ಕಲ್ಲಿನ ಮೇಲೆ ಕೊರೆದ ಉತ್ತರವಿದೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಶಾಸನದ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ. ಆ ಯುದ್ಧದಲ್ಲಿ ಬೂತುಗನ ಸೇವಕ ಮಣಲೇರನು ಮಹಾಪರಾಕ್ರಮ ತೋರಿದ. ಮೆಚ್ಚಿದ ಒಡೆಯ ಬೇಕಾದುದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಕೆಳಲೆನಾಡಿನಲ್ಲಿ ಒಂದು ಮಹಾವರಾಹದ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಹಂದಿಯೊಡನೆ ಸೆಣಸುವ ನಾಯಿಯ ಚಿತ್ರವೂ ಆ ಕಲ್ಲಿನ ಮೇಲಿದೆ. ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಕೊನೆಯ ಮಾತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಊಟ ಮಾಡಿದರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುತ್ತದೆ. ಅಂದಿನ ಗೊರವನೆಂದರೆ ಶೈವ ಪೂಜಾರಿ. ಇಂದು ಗೊರವರೆಂದೊಡನೆ ನೆನಪಾಗುವವರು ಹೂವಿನಹಡಗಲಿ ತಾಲ್ಲೂಕಿನ ಮೈಲಾರದವರು. ಕರಿಯ ಕಂಬಳಿ ಹೊದ್ದು, ಡಮರುಗ ಹಿಡಿದು, ತಾವು ಮೈಲಾರಲಿಂಗನ ನಾಯಿಗಳೆಂದು ಬೊಗಳುತ್ತ, ದೋಣಿಯಲ್ಲಿಟ್ಟ ಪ್ರಸಾದಕ್ಕೆ ಬಾಯಿಟ್ಟು ತಿನ್ನುವವರು. ಪುಣೆಯಿಂದ ಐವತ್ತು ಕಿಲೋಮೀಟರಿನೊಳಗಿರುವ ಜೇಜುರಿಯ ಖಂಡೋಬನ ವಾಘ್ಯಾಗಳ ಸಂಪ್ರದಾಯವೂ ಇಂಥದೇ, ಅವರೂ ದೇವರ ನಾಯಿಗಳೇ. ಖಂಡೋಬನಿಗೂ ನಮ್ಮ ಮೈಲಾರನಿಗೂ ಇರುವ ನಂಟನ್ನು ಪುಣೆಯಲ್ಲೇ ಬಾಳಿದ ಸಂಶೋಧಕ ರಾ. ಚಿಂ. ಢೇರೆಯವರು 1961ರಷ್ಟು ಹಿಂದೆಯೇ ತಮ್ಮ 'ಖಂಡೋಬಾ' ಗ್ರಂಥದಲ್ಲಿ ವಿವೇಚಿಸಿದ್ದರು. ಭಾಷೆ ಎರಡಾದರೂ ಭಂಡಾರ ಒಂದೇ. ಮೈಲಾರದಲ್ಲಿ ಬೊಗಳಿದ ಭಕ್ತನೂ ಜೇಜುರಿಯಲ್ಲಿ ಬೊಗಳಿದ ಭಕ್ತನೂ ಒಬ್ಬನೇ ಒಡೆಯನನ್ನು ಕಾದವರು. ಕೆಲಸಕ್ಕಾಗಿ ಇಲ್ಲಿಗೆ ಬಂದ ನಾವು ಪೂರ್ತಿ ಪರಕೀಯರೇನಲ್ಲವೆಂದು ನನಗೆ ಸಮಾಧಾನವಾದದ್ದು ಆಗ.

ಕಳೆದ ಶ್ರಾವಣದಲ್ಲಿ ಕರಿಯ ತೀರಿಕೊಂಡ. ವಯಸ್ಸಾಗಿತ್ತು, ಕೊನೆಯ ತಿಂಗಳು ಗುಡ್ಡದ ಬುಡದವರೆಗೆ ನಡೆದು ಅಲ್ಲೇ ಕುಳಿತುಬಿಡುತ್ತಿದ್ದ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗುಡ್ಡದ ಮೇಲೆ ಅವನಿಗೊಂದು ಕಲ್ಲು ನಿಲ್ಲಿಸೋಣವೆಂದು ಹಟ ಹಿಡಿದಳು. ಎಲ್ಲರೂ ತಮ್ಮ ತಮ್ಮ ನಾಯಿಗೆ ಕಲ್ಲು ನಿಲ್ಲಿಸಿದರೆ ನವಿಲಿಗೆ ಜಾಗವೆಲ್ಲಿ ಎಂದು ಸಮಾಧಾನ ಹೇಳಿದೆ. ಮೂರನೆಯ ದಿನ ಆಕೆ ಕುಂಡದಲ್ಲಿದ್ದ ಒಂದು ಚಪ್ಪಟೆ ಕರಿಗಲ್ಲನ್ನು ತೊಳೆದು ತಂದು, "ಅವನ ಹೆಸರು ಕನ್ನಡದಾಗ ಹೆಂಗ ಬರೀತಾರ, ತೋರಸು" ಎಂದಳು. ಮನೆಯಲ್ಲಿ ಕನ್ನಡ ಮಾತಾಡಿದರೂ ಅಕ್ಷರ ಕಲಿಯಲು ಅದುವರೆಗೆ ಒಲ್ಲೆನೆಂದವಳು. ಸುಣ್ಣದಲ್ಲಿ ಮೂರಕ್ಷರ ಬರೆದಳು. "ರಿ" ಸೊಟ್ಟಗಿದೆ, ತಿದ್ದಲಿಲ್ಲ. ಈಗ ವರ್ಣಮಾಲೆಯಲ್ಲಿ ಅರ್ಧ ದಾಟಿದ್ದಾಳೆ.

ನಾಯಿ ಇಲ್ಲದಿದ್ದರೂ ನಾನು ಗುಡ್ಡ ಹತ್ತುವುದನ್ನು ಬಿಟ್ಟಿಲ್ಲ. ಈ ಗುಡ್ಡದಲ್ಲಿ ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ರಸ್ತೆ ಮಾಡುವ ಯೋಜನೆಯನ್ನು ವಿರೋಧಿಸಿ 2023ರ ಏಪ್ರಿಲಿನಲ್ಲಿ ಸಾವಿರಾರು ನಾಗರಿಕರು ಮೆರವಣಿಗೆ ಮಾಡಿದರು. ಊರಿಗೆ ರಸ್ತೆಯೂ ಬೇಕು, ನಿಜ. ದಿನಾಲೂ ಬಸ್ಸಿಗೆ ಕಾಯುವ ನಾನು ಬೇಡವೆನ್ನಲಾರೆ. ಆದರೆ ಕಡಿದ ಗುಡ್ಡವನ್ನು ಮತ್ತೆ ಕಟ್ಟಲು ಬರುವುದಿಲ್ಲ. ಆತಕೂರಿನ ಗೊರವನಿಗೆ ವಿಧಿಸಿದ ನಿಯಮವನ್ನು ನಾವೂ ಪಾಲಿಸಬಹುದೇನೋ: ಕಾಯುವ ಕೆಲಸ ಮೊದಲು, ಊಟ ಆಮೇಲೆ.

ರಜೆಯಲ್ಲಿ ಬೆಂಗಳೂರಿಗೆ ಹೋಗುವ ಬಾಂಧವರು ಮಕ್ಕಳಿಗೆ ಕಾಳಿಯ ಕಲ್ಲನ್ನು ತೋರಿಸಬೇಕೆಂದು ವಿನಂತಿ. ಅದಕ್ಕೂ ಮೊದಲು ಒಂದು ಭಾನುವಾರ ವೇತಾಳ ಗುಡ್ಡಕ್ಕೆ ಬನ್ನಿ. ನಾಯಿಯಿದ್ದರೆ ಅದನ್ನೂ ಕರೆತನ್ನಿ, ಹಗ್ಗ ಮಾತ್ರ ಕೈಯಲ್ಲಿರಲಿ.